ಚಂದಾ ಕಟ್ಟಿದರೆ ಜ್ಞಾನ ಮುಕ್ತವಾಯಿತೇ?

ಕಲಬುರಗಿಯ ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಓಪನ್ ಆಕ್ಸೆಸ್ ಮಾತೆತ್ತಿದರೆ ಹೆಚ್ಚಾಗಿ ಕೇಳಿಬರುವ ಅಭಿಪ್ರಾಯ ಇದು: ಓಪನ್ ಆಕ್ಸೆಸ್ ಎಂದರೆ ದುಡ್ಡು ಕೊಟ್ಟು ಪೇಪರ್ ಹಾಕಿಸಿಕೊಳ್ಳುವುದು. ದುಡ್ಡು ಕೊಟ್ಟವರದೆಲ್ಲ ಅಚ್ಚಾಗುವ ಕಡೆ ಗುಣಮಟ್ಟ ಉಳಿಯುವುದಿಲ್ಲ. ಒಳ್ಳೆಯ ಜರ್ನಲ್‌ಗಳು ಚಂದಾ ಕಟ್ಟಿ ಓದುವಂಥವು, ಆ ಚಂದಾವನ್ನು ಈಗ ಸರ್ಕಾರವೇ ಕಟ್ಟುತ್ತಿದೆ. ಆದ್ದರಿಂದ ಸಂಶೋಧನೆ ಎಲ್ಲರ ಕೈಗೂ ಸಿಕ್ಕಿತು, ಓಪನ್ ಆಕ್ಸೆಸ್ ಎಂದು ಇನ್ನೂ ಹೋರಾಡುವ ಅಗತ್ಯವಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿನ ಪ್ರತಿ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಇವನ್ನೆಲ್ಲ ಪೋಣಿಸಿ ಕೊನೆಗೆ ತೆಗೆಯುವ ತೀರ್ಮಾನ ಮಾತ್ರ ತಪ್ಪು. ಅದರ ಬೆಲೆ ತೆರುವವರು ನಮ್ಮ ಜಿಲ್ಲೆಯಂಥ ಜಿಲ್ಲೆಗಳವರೇ ಆದ್ದರಿಂದ ಆ ತಪ್ಪನ್ನು ಬಿಡಿಸಿ ನೋಡಬೇಕಾಗಿದೆ.

ಈ ಅಭಿಪ್ರಾಯ ಗಾಳಿಯಲ್ಲಿ ಹುಟ್ಟಿದ್ದಲ್ಲ. 2010ರಿಂದ ಯುಜಿಸಿ ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಅಂಕಗಳ ಲೆಕ್ಕ ತಂದಿತು. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಪೇಪರ್ ಬಂದಿರಬೇಕು ಎಂಬ ನಿಯಮವೂ ಬಂತು. ಬೇಡಿಕೆ ಹುಟ್ಟಿದ ಕೂಡಲೇ ಅಂಗಡಿಗಳೂ ತೆರೆದುಕೊಂಡವು. ಕೆಲವು ಸಾವಿರ ರೂಪಾಯಿ ಕಳಿಸಿದರೆ ವಾರದೊಳಗೆ ಪ್ರಕಟಣೆ, ಜೊತೆಗೊಂದು ಪ್ರಮಾಣಪತ್ರ. ಲೇಖನವನ್ನು ಯಾರೂ ಓದಿರುವುದಿಲ್ಲ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಮಾಡಿದ್ದ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕೈಬಿಡಬೇಕಾಯಿತು. ನಮ್ಮ ಪಕ್ಕದ ಹೈದರಾಬಾದಿನಲ್ಲಿ ಬೇರುಬಿಟ್ಟಿದ್ದ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಗೆ 2019ರಲ್ಲಿ ಅಮೆರಿಕದ ನ್ಯಾಯಾಲಯ, ಲೇಖಕರನ್ನು ವಂಚಿಸಿದ ಆರೋಪದ ಮೇಲೆ, 5 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತ ಕಟ್ಟಲು ಹೇಳಿತು. ಈ ಬಗೆಯ ಜರ್ನಲ್‌ಗಳಲ್ಲಿ ಹೆಚ್ಚಿನವು ತಮ್ಮನ್ನು ಓಪನ್ ಆಕ್ಸೆಸ್ ಎಂದೇ ಕರೆದುಕೊಳ್ಳುತ್ತಿದ್ದವು. ಇವುಗಳ ಕಾಟ ಕಂಡ ಅಧ್ಯಾಪಕರಿಗೆ ಆ ಹೆಸರು ಕೇಳಿದರೆ ಅನುಮಾನ ಬರುವುದು ಸಹಜ.

ಇನ್ನೊಂದು ಕಡೆ ಸರ್ಕಾರ ಮಾಡಿದ್ದೂ ಸಣ್ಣ ಕೆಲಸವಲ್ಲ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಅಂತರರಾಷ್ಟ್ರೀಯ ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂತವರಿಗೆ ಸಿಗುತ್ತಿದ್ದ ಜರ್ನಲ್‌ಗಳು ಈಗ ಗುಲಬರ್ಗಾ ವಿಶ್ವವಿದ್ಯಾಲಯದವರಿಗೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರಿಗೆ, ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನವರಿಗೂ ಸಿಗಬೇಕೆಂಬುದು ಇದರ ಉದ್ದೇಶ. ದೂರದ ಊರಿನ ಅಧ್ಯಾಪಕರು ಒಂದೊಂದು ಪೇಪರಿಗೂ ಬೆಂಗಳೂರಿನ ಗೆಳೆಯರನ್ನು ಬೇಡುತ್ತಿದ್ದ ಕಾಲ ನೆನೆದರೆ ಈ ಉಪಕಾರವನ್ನು ಯಾರೂ ಹಗುರವಾಗಿ ಕಾಣಲಾರರು. ನಾನೂ ಕಾಣುವುದಿಲ್ಲ. ನನ್ನ ತಕರಾರು ಇದರಿಂದ ಜ್ಞಾನ ಮುಕ್ತವಾಯಿತು ಎಂಬ ಮಾತಿನ ಬಗ್ಗೆ.

ಗೊಂದಲದ ಮೂಲ ಇರುವುದು ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಲ್ಲಿ.

1. ಪ್ರಕಟವಾದ ಸಂಶೋಧನೆಯನ್ನು ಯಾರು ಓದಬಹುದು, ಬಳಸಬಹುದು?
2. ಪ್ರಕಟಣೆಯ ಖರ್ಚನ್ನು ಯಾರು ಭರಿಸುತ್ತಾರೆ?
3. ಪ್ರಕಟಿಸುವ ಮೊದಲು ಅದನ್ನು ಯಾರು, ಎಷ್ಟು ಕಟ್ಟುನಿಟ್ಟಾಗಿ ಪರಿಶೀಲಿಸುತ್ತಾರೆ?

2002ರ ಬುಡಾಪೆಸ್ಟ್ ಘೋಷಣೆಯಿಂದ ಓಪನ್ ಆಕ್ಸೆಸ್ ಎಂಬ ಹೆಸರಿಗೆ ಖಚಿತ ಅರ್ಥ ಬಂತು. ಅದರ ತಿರುಳಿರುವುದು ಮೊದಲನೆಯ ಪ್ರಶ್ನೆಯಲ್ಲಿ: ಓದಲು, ಇಳಿಸಿಕೊಳ್ಳಲು, ಹಂಚಲು ಓದುಗನಿಗೆ ದುಡ್ಡಿನ ಅಡ್ಡಿಯಾಗಲಿ ಅನುಮತಿಯ ಅಡ್ಡಿಯಾಗಲಿ ಇರಬಾರದು. ಖರ್ಚು ಯಾರದು ಎಂಬುದಕ್ಕೆ ಹಲವು ಉತ್ತರಗಳಿವೆ. ಬೆಂಗಳೂರಿನಿಂದ 1932ರಿಂದಲೂ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಅದನ್ನು ನಡೆಸುತ್ತಿರುವುದು ವಿಜ್ಞಾನಿಗಳದೇ ಸಂಘ. ಬ್ರೆಜಿಲ್‌ನಲ್ಲಿ 1990ರ ದಶಕದ ಕೊನೆಯಲ್ಲಿ ಶುರುವಾದ ಸೈಲೋ ಜಾಲಕ್ಕೆ ಸಾರ್ವಜನಿಕ ಹಣವೇ ಆಧಾರ. ಅದರೊಳಗಿನ ಜರ್ನಲ್‌ಗಳಲ್ಲಿ ಹೆಚ್ಚಿನವು ವಿಶ್ವವಿದ್ಯಾಲಯಗಳದು, ವಿದ್ವತ್ ಸಂಘಗಳದು. ‘ನೇಚರ್’ ಪತ್ರಿಕೆ 2021ರಿಂದ ಲೇಖನ ಮುಕ್ತವಾಗಿಡಲು ಲೇಖಕರ ಕಡೆಯಿಂದ 9,500 ಯೂರೋ ಕೇಳತೊಡಗಿತು, ಎಂದರೆ ಎಂಟು ಲಕ್ಷ ರೂಪಾಯಿಗೂ ಹೆಚ್ಚು. ಮೂರೂ ಕಡೆ ಓದುಗನಿಗೆ ಸಿಗುವ ಲೇಖನ ಮುಕ್ತವೇ. ದುಡ್ಡಿನ ದಾರಿ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ಈ ಮೂರರಲ್ಲಿ ಕೊನೆಯದನ್ನಷ್ಟೇ ಕಂಡು, ಓಪನ್ ಆಕ್ಸೆಸ್ ಎಂದರೆ ಲೇಖಕ ದುಡ್ಡು ಕೊಡುವುದು ಎನ್ನುವುದು, ಖಾಸಗಿ ಆಸ್ಪತ್ರೆಯ ಬಿಲ್ಲನ್ನಷ್ಟೇ ಕಂಡವರು ವೈದ್ಯಕೀಯ ಎಂದರೇ ಸುಲಿಗೆ ಎಂದ ಹಾಗಾಗುತ್ತದೆ.

ಮೂರನೆಯ ಪ್ರಶ್ನೆಯೂ ಸ್ವತಂತ್ರವಾದದ್ದು. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ ವೇಕ್‌ಫೀಲ್ಡ್ ಪೇಪರ್ 1998ರಲ್ಲಿ ಬಂದದ್ದು ಚಂದಾ ಆಧಾರಿತ, ಜಗತ್ತಿನ ಅತ್ಯಂತ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಗಳಲ್ಲಿ ಒಂದಾದ ‘ಲ್ಯಾನ್ಸೆಟ್’ನಲ್ಲಿ. ಅದನ್ನು ಹಿಂತೆಗೆದುಕೊಳ್ಳಲು ಹನ್ನೆರಡು ವರ್ಷ ಹಿಡಿಯಿತು. ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆಯನ್ನೂ ಪ್ರಾಮಾಣಿಕವಾಗಿ ಇಡಬೇಕು. ಕೈರೋದಲ್ಲಿ ಹುಟ್ಟಿದ ಹಿಂದಾವಿ ಎಂಬ ಓಪನ್ ಆಕ್ಸೆಸ್ ಪ್ರಕಾಶನವನ್ನು 2021ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆ ವೈಲಿ ಕೊಂಡಿತು. 2023ರ ಒಂದೇ ವರ್ಷದಲ್ಲಿ ಅದರ ಜರ್ನಲ್‌ಗಳಿಂದ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂತೆಗೆಯಬೇಕಾಯಿತು. ಕೊನೆಗೆ ಆ ಹೆಸರನ್ನೇ ವೈಲಿ ಕೈಬಿಟ್ಟಿತು. ಇದು ಖೊಟ್ಟಿ ಕಂಪನಿಯಲ್ಲ, ದೊಡ್ಡ ಪ್ರಕಾಶಕರದೇ ವ್ಯವಹಾರ. ಹಾಗಾದರೆ ಮುಕ್ತತೆಯೇ ಕೊಳೆಗೆ ಕಾರಣವೇ? ನನ್ನ ಉತ್ತರ: ಕಾರಣ ಇರುವುದು ಲೇಖನಕ್ಕಿಷ್ಟು ಎಂದು ಶುಲ್ಕ ವಸೂಲಿ ಮಾಡುವ ಪದ್ಧತಿಯಲ್ಲಿ. ಒಪ್ಪಿಕೊಂಡ ಪ್ರತಿ ಲೇಖನಕ್ಕೂ ಆದಾಯ ಬರುವುದಾದರೆ ತಿರಸ್ಕರಿಸುವುದು ನಷ್ಟದ ಬಾಬತ್ತಾಗುತ್ತದೆ. ಆ ಒತ್ತಡಕ್ಕೆ ಸಣ್ಣವರೂ ಮಣಿಯುತ್ತಾರೆ, ದೊಡ್ಡವರೂ ಮಣಿಯುತ್ತಾರೆ. ಇದರ ಮೇಲೆ, ಕೊಳ್ಳುವವರನ್ನು ತಯಾರು ಮಾಡಿದ್ದು ನಮ್ಮದೇ ಅಂಕಗಳ ವ್ಯವಸ್ಥೆ. 2022ರ ಕೊನೆಯಲ್ಲಿ ಯುಜಿಸಿ ಪಿಎಚ್‌ಡಿಗೆ ಪೇಪರ್ ಕಡ್ಡಾಯವೆಂಬ ನಿಯಮವನ್ನು ಸಡಿಲಿಸಿದ್ದು ತಡವಾಗಿಯಾದರೂ ಆದ ಒಳ್ಳೆಯ ಕೆಲಸ. ಖೊಟ್ಟಿ ಜರ್ನಲ್‌ಗಳ ವಿರುದ್ಧದ ಸಿಟ್ಟು ನ್ಯಾಯವಾದದ್ದು. ಅದು ಹೋಗಿ ತಟ್ಟಬೇಕಾದ ಬಾಗಿಲು ಬೇರೆ.

ಇನ್ನು ಚಂದಾ ಯೋಜನೆಯ ವಿಷಯ. ಇದರ ಮೊದಲ ಹಂತ ಇರುವುದು ಸರ್ಕಾರಿ ಸಂಸ್ಥೆಗಳಿಗೆ. ಕಲಬುರಗಿ ನಗರವನ್ನೇ ತೆಗೆದುಕೊಳ್ಳಿ. ಸರ್ಕಾರದ ಜಿಮ್ಸ್ ವೈದ್ಯಕೀಯ ಸಂಸ್ಥೆ ಈ ಯೋಜನೆಗೆ ಅರ್ಹ. ಅದೇ ಊರಿನಲ್ಲಿ 1963ರಿಂದ ವೈದ್ಯರನ್ನು ತಯಾರು ಮಾಡುತ್ತ ಬಂದಿರುವ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಖಾಸಗಿ ಶಿಕ್ಷಣ ಸಂಸ್ಥೆಯದಾದ್ದರಿಂದ ಈ ಹಂತದ ಹೊರಗೆ. ಶರಣಬಸವ ವಿಶ್ವವಿದ್ಯಾಲಯ, ಖಾಜಾ ಬಂದಾ ನವಾಜ್ ವಿಶ್ವವಿದ್ಯಾಲಯಗಳೂ ಖಾಸಗಿಯವೇ. ಒಂದೇ ಜಿಲ್ಲೆಯ ರೋಗಿಗಳನ್ನು ನೋಡುವ ವೈದ್ಯರಲ್ಲಿ ಸರ್ಕಾರಿ ಲಾಗಿನ್ ಇದ್ದವರು ಓದಬಹುದು, ಉಳಿದವರು ತಮ್ಮ ಸಂಸ್ಥೆ ಎಷ್ಟು ಕೊಂಡಿದೆಯೋ ಅಷ್ಟೇ. ಸರ್ಕಾರಿ ಕಾಲೇಜಿನ ಎಂಎಸ್ಸಿ ವಿದ್ಯಾರ್ಥಿನಿಯ ಓದುವ ಹಕ್ಕು ಅವಳ ಕೋರ್ಸ್ ಮುಗಿಯುವತನಕ. ಆಮೇಲೆ ಅವಳು ಊರಿಗೆ ಮರಳಿ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಲಿ, ಸ್ವಂತ ಹೊಲ ನೋಡಿಕೊಳ್ಳಲಿ, ಬಾಗಿಲು ಮುಚ್ಚುತ್ತದೆ. ನಿವೃತ್ತರಾದ ಪ್ರಾಧ್ಯಾಪಕರಿಗೂ ಅಷ್ಟೇ.

ಹೊರಗೆ ಉಳಿಯುವವರು ಯಾರು ಎಂಬುದನ್ನು ಇನ್ನೂ ಹತ್ತಿರದಿಂದ ನೋಡೋಣ. ಕಲಬುರಗಿ ತೊಗರಿಯ ಕಣಜ, ತೊಗರಿಯ ದೊಡ್ಡ ಶತ್ರು ನೆಟೆ ರೋಗ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡ ನಿಂತಲ್ಲೇ ಬಾಡಿ ಒಣಗುತ್ತದೆ. ಬುಡದಿಂದ ಮೇಲಕ್ಕೆ ಕಾಂಡದ ಮೇಲೊಂದು ನೇರಳೆ ಪಟ್ಟೆ ಎದ್ದು, ಕಾಂಡ ಸೀಳಿದರೆ ಒಳಗಿನ ನಾಳಗಳು ಕಂದಾಗಿ ಕಂಡರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೆಲಸ. ಬೇರೇ ಒಣಗಿ, ಸಿಪ್ಪೆ ಚೂರುಚೂರಾಗಿ ಕಿತ್ತು ಬಂದರೆ ಅದು ಬೇರೆ ಶಿಲೀಂಧ್ರದಿಂದ ಬರುವ ಒಣ ಬೇರು ಕೊಳೆ. ದೂರದಿಂದ ನೋಡಿದರೆ ಎರಡೂ ಒಣಗಿದ ಹೊಲವೇ, ಪರಿಹಾರ ಮಾತ್ರ ಬೇರೆ. ಫ್ಯುಸೇರಿಯಂಗೆ ತಡೆಯುವ ತಳಿಯೇ ಮುಖ್ಯ ಆಸರೆ. ಜೋಳದೊಂದಿಗೆ ಅಂತರ ಬೆಳೆಯೂ ಬೆಳೆ ಬದಲಾವಣೆಯೂ ನೆರವಾಗುತ್ತವೆ. ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳನ್ನು ಕೊಟ್ಟಿದ್ದಾರೆ. ಆದರೆ ಈ ಶಿಲೀಂಧ್ರದಲ್ಲೇ ಹಲವು ಬಗೆಗಳಿದ್ದು ಒಂದು ಸೀಮೆಯಲ್ಲಿ ತಡೆದುಕೊಂಡ ತಳಿ ಇನ್ನೊಂದು ಸೀಮೆಯಲ್ಲಿ ಸೋಲಬಹುದು. ಎಲ್ಲಿ ಯಾವ ಬಗೆ ಹಬ್ಬಿದೆ ಎಂಬ ಮಾಹಿತಿ ಮೊದಲು ಬರುವುದು ಸಂಶೋಧನಾ ಪೇಪರ್‌ಗಳಲ್ಲಿ. ನಮ್ಮ ಜಿಲ್ಲೆಯ ಕಮಲಾಪುರದ ರೈತ ಸಂಪರ್ಕ ಕೇಂದ್ರದಲ್ಲಿ ಕೂತ ಕೃಷಿ ಅಧಿಕಾರಿಗೆ, ಬಿಎಸ್ಸಿ ಅಗ್ರಿ ಓದಿದವರೇ ಆದರೂ, ಆ ಪೇಪರ್ ಮುಚ್ಚಿದ ಜರ್ನಲ್‌ನಲ್ಲಿದ್ದರೆ ಸಾರಾಂಶದ ಆಚೆ ಸಿಗುವುದಿಲ್ಲ. ಕೃಷಿ ಇಲಾಖೆ ವಿಶ್ವವಿದ್ಯಾಲಯವಲ್ಲ, ಯೋಜನೆಯಲ್ಲಿ ಅದಕ್ಕೆ ಜಾಗವಿಲ್ಲ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ (ಜಿಐ) ಸಿಕ್ಕಿದೆ. ಆ ಅರ್ಜಿಯ ವಿವರವನ್ನು ಸರ್ಕಾರದ ಜಿಐ ಜರ್ನಲ್‌ನಲ್ಲಿ ಯಾರು ಬೇಕಾದರೂ ಓದಬಹುದು, ಕಾನೂನೇ ಹಾಗೆ. ಅದೇ ಬಾಳೆಯ ರೋಗ, ಮಣ್ಣು, ಅಂಗಾಂಶ ಕೃಷಿಯ ಮೇಲೆ ಸರ್ಕಾರದ ಸಂಬಳದಲ್ಲಿ ನಡೆಯುವ ಸಂಶೋಧನೆ ಎಲ್ಲರಿಗೂ ಸಿಗಬೇಕೆಂದು ಮಾತ್ರ ಯಾವ ಕಾನೂನೂ ಒತ್ತಾಯಿಸುವುದಿಲ್ಲ. ಈ ಅಸಂಗತಿಯನ್ನು ನಾವು ಸಹಜವೆಂದು ಒಪ್ಪಿಕೊಂಡು ಕೂತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಲ್ಲಿ ಬಲವಾದ ಆಕ್ಷೇಪವೊಂದು ಎದುರಾಗುತ್ತದೆ. ಪೇಪರ್‌ಗಳು ಇರುವುದು ಇಂಗ್ಲಿಷಿನಲ್ಲಿ, ಅದೂ ತಜ್ಞರ ಇಂಗ್ಲಿಷಿನಲ್ಲಿ. ತೆರೆದಿಟ್ಟರೂ ಕಮಲಾಪುರದಲ್ಲಿ ಯಾರು ಓದುತ್ತಾರೆ? ಓದಬಲ್ಲವರೆಲ್ಲ ಹೇಗೂ ವಿಶ್ವವಿದ್ಯಾಲಯಗಳಲ್ಲಿ ಇದ್ದಾರಲ್ಲ. ಇದಕ್ಕೆ ಎರಡು ಉತ್ತರ. ಮೊದಲನೆಯದು, ಜ್ಞಾನ ರೈತರಿಗೆ ತಲಪುವುದು ಪೇಪರ್‌ನಿಂದ ನೇರವಾಗಿ ಅಲ್ಲ. ನಡುವೆ ಕೃಷಿ ಅಧಿಕಾರಿ, ಆಕಾಶವಾಣಿಯ ಕೃಷಿ ಕಾರ್ಯಕ್ರಮದವರು, ಪತ್ರಕರ್ತರು, ಕೃಷಿ ಓದಿ ಊರಿಗೆ ಬಂದ ಮಕ್ಕಳು ಇರುತ್ತಾರೆ. ಬಾಗಿಲು ಮುಚ್ಚಿದಾಗ ಹೊರಗೆ ನಿಲ್ಲುವವರು ಬಹುಪಾಲು ಈ ನಡುವಿನವರೇ. ಎರಡನೆಯದು ಇನ್ನೂ ಮುಖ್ಯ, ಮತ್ತು ಈ ಚರ್ಚೆಯಲ್ಲಿ ಅದು ಬರುವುದೇ ಇಲ್ಲ. ಅನುವಾದದ ಹಕ್ಕು ಕೃತಿಸ್ವಾಮ್ಯದ ಭಾಗ. ಲೇಖಕರು ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟ ಮೇಲೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ ತಾನೇ ಬರೆದ ಪೇಪರನ್ನು ಚಿತ್ರ, ಕೋಷ್ಟಕ ಸಹಿತ ಪೂರ್ತಿ ಕನ್ನಡಕ್ಕೆ ತಂದು ಹಂಚಬೇಕೆಂದರೂ ಅನುಮತಿ ಕೇಳಬೇಕು. ತಿರುಳನ್ನು ತನ್ನ ಮಾತಿನಲ್ಲಿ ಹೇಳಲು ಅಡ್ಡಿಯಿಲ್ಲ, ನಿಜ. ಆದರೆ ರೋಗ ಗುರುತಿಸಲು ಬೇಕಾದದ್ದು ಆ ಚಿತ್ರಗಳೇ. ಹೆಸರು ಉಲ್ಲೇಖಿಸಿ ಬಳಸಿಕೊಳ್ಳಿ ಎಂಬ ಮುಕ್ತ ಪರವಾನಗಿಯಲ್ಲಿ ಪ್ರಕಟವಾದ ಪೇಪರನ್ನು ಯಾರು ಬೇಕಾದರೂ, ಯಾರನ್ನೂ ಕೇಳದೆ, ಕನ್ನಡಕ್ಕೆ ತರಬಹುದು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಇಂಥ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದರಿಂದಲೇ ಅವುಗಳ ಬರಹ ಕನ್ನಡ ವಿಕಿಪೀಡಿಯಕ್ಕೆ ಬರಲು ಸಾಧ್ಯವಾಯಿತು. ಸರ್ಕಾರ ಎಷ್ಟೇ ಕೋಟಿ ಚಂದಾ ಕಟ್ಟಿದರೂ ಸಿಗುವುದು ಓದುವ ಅನುಮತಿ, ಅನುವಾದಿಸುವ ಹಕ್ಕಲ್ಲ. ಹಾಗಾಗಿ ಭಾಷೆಯ ಆಕ್ಷೇಪ ಮುಕ್ತ ಪ್ರಕಟಣೆಗೆ ವಿರುದ್ಧವಾಗಿ ನಿಲ್ಲುವುದಿಲ್ಲ, ಅದರ ಪರವಾಗಿಯೇ ವಾದಿಸುತ್ತದೆ.

ಖರ್ಚಿನ ಪ್ರಶ್ನೆ ಉಳಿಯಿತು. ಸಂಪಾದನೆ, ವಿನ್ಯಾಸ, ಸರ್ವರ್, ದಾಖಲೆ ಕಾಯುವುದು ಯಾವುದೂ ಬಿಟ್ಟಿಯಲ್ಲ, ಯಾರಾದರೂ ಕೊಡಬೇಕು. ಒಪ್ಪುವ ಮಾತು. ಆದರೆ ಈಗ ಕೊಡುತ್ತಿರುವವರು ಯಾರೆಂದು ನೋಡಿ. ಸಂಶೋಧನೆಗೆ ಹಣ ಸರ್ಕಾರದ್ದು. ಬರೆಯುವವರ ಸಂಬಳ ಸರ್ಕಾರದ್ದು. ಪರಿಶೀಲಿಸುವ ವಿದ್ವಾಂಸರು ಬಿಡಿಗಾಸೂ ಪಡೆಯದೆ ದುಡಿಯುತ್ತಾರೆ, ಅವರ ಸಂಬಳವೂ ಬಹುಪಾಲು ಸಾರ್ವಜನಿಕ ಹಣವೇ. ಕೊನೆಗೆ ಅದನ್ನು ಓದಲು ವರ್ಷಕ್ಕೆ ಸರಾಸರಿ 2,000 ಕೋಟಿ ಮತ್ತೆ ಸರ್ಕಾರದ್ದು. ಇದರ ಜೊತೆಗೆ ಲೇಖಕರ ಪ್ರಕಟಣಾ ಶುಲ್ಕಕ್ಕೆಂದು ವರ್ಷಕ್ಕೆ 150 ಕೋಟಿಯ ನೆರವನ್ನೂ ಇಟ್ಟಿದ್ದಾರೆ. ಅಂದರೆ ಓದುವುದಕ್ಕೂ ಕೊಡುತ್ತೇವೆ, ಬರೆಯುವುದಕ್ಕೂ ಕೊಡುತ್ತೇವೆ. 2027 ಮುಗಿದ ಮೇಲೆ ಮತ್ತೆ ಚೌಕಾಸಿಗೆ ಕೂರಬೇಕು. ಅಷ್ಟರಲ್ಲಿ ದೇಶದ ಎಲ್ಲ ಸರ್ಕಾರಿ ಸಂಸ್ಥೆಗಳಿಗೂ ಅಭ್ಯಾಸವಾಗಿಬಿಟ್ಟಿರುವುದರಿಂದ ಬೇಡ ಎನ್ನುವ ಶಕ್ತಿ ಕೊಳ್ಳುವವರಿಗೆ ಇನ್ನಷ್ಟು ಕುಗ್ಗಿರುತ್ತದೆ. ಸಾರ್ವಜನಿಕ ಹಣ ಬೇಕೇ ಬೇಡವೇ ಎಂಬುದು ಪ್ರಶ್ನೆಯೇ ಅಲ್ಲ, ಅದು ಈಗಾಗಲೇ ಹರಿಯುತ್ತಿದೆ. ಬಾಡಿಗೆಗೆ ಹರಿಯಬೇಕೋ ನಮ್ಮದೇ ಜರ್ನಲ್‌ಗಳನ್ನೂ ಸಂಗ್ರಹಗಳನ್ನೂ ಕಟ್ಟಲು ಹರಿಯಬೇಕೋ ಎಂಬುದನ್ನು ಕೇಳಬೇಕು. ಲೇಖಕರಿಂದಲೂ ಓದುಗರಿಂದಲೂ ಕಾಸು ಕೇಳದ ವಿಶ್ವವಿದ್ಯಾಲಯದ ಜರ್ನಲ್‌ಗಳು ಲ್ಯಾಟಿನ್ ಅಮೆರಿಕದ ಬಡ ದೇಶಗಳಿಗೂ ಸಾಧ್ಯವಾಗಿರುವಾಗ ನಮಗೆ ಅಸಾಧ್ಯವೆನ್ನಲು ಕಾರಣ ಕಾಣುವುದಿಲ್ಲ.

ಪೇಪರ್‌ಗಳನ್ನು ಅನುಮತಿಯಿಲ್ಲದೆ ಪುಕ್ಕಟೆ ಹಂಚುವ ಸೈ-ಹಬ್ ತಾಣ ಇದೆಯಲ್ಲ, ಬೇಕಾದವರು ಅಲ್ಲಿ ತೆಗೆದುಕೊಳ್ಳುತ್ತಾರೆ ಎನ್ನುತ್ತಿದ್ದವರೂ ಇದ್ದರು. 2020ರ ಡಿಸೆಂಬರಿನಲ್ಲಿ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಆ ತಾಣವನ್ನು ದೇಶದಲ್ಲಿ ತಡೆಯಲು ಆದೇಶಿಸಿತು. ಕದ್ದು ಓದುವ ಅನಿವಾರ್ಯತೆಯ ಮೇಲೆ ಒಂದು ದೇಶದ ವಿದ್ವತ್ತು ನಿಲ್ಲಲಾರದು, ಆ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಹೊಸದಾಗಿ ಕೇಳಿಬರುತ್ತಿರುವ ಆತಂಕಕ್ಕೆ ಮಾತ್ರ ಉತ್ತರ ಬೇಕು: ಎಲ್ಲವನ್ನೂ ತೆರೆದಿಟ್ಟರೆ ಕೃತಕ ಬುದ್ಧಿಮತ್ತೆಯ ಕಂಪನಿಗಳು ನಮ್ಮ ಶ್ರಮವನ್ನು ಪುಕ್ಕಟೆ ನುಂಗುವುದಿಲ್ಲವೇ? ನುಂಗಬಹುದು. ಆದರೆ ಮುಚ್ಚಿಟ್ಟದ್ದು ಉಳಿಯಿತೇ? ಟೇಲರ್ ಆಂಡ್ ಫ್ರಾನ್ಸಿಸ್ ಜರ್ನಲ್‌ಗಳ ಒಡೆಯ ಇನ್ಫಾರ್ಮಾ ಸಂಸ್ಥೆ 2024ರಲ್ಲಿ ಮೈಕ್ರೋಸಾಫ್ಟ್ ಜೊತೆ, ಅದರ ಕೃತಕ ಬುದ್ಧಿಮತ್ತೆಗೆ ತನ್ನ ಬರಹಗಳನ್ನು ಒದಗಿಸುವ ಒಪ್ಪಂದ ಮಾಡಿಕೊಂಡಿತು. ಆರಂಭದ ಮೊತ್ತವೇ ಸುಮಾರು ಒಂದು ಕೋಟಿ ಡಾಲರ್. ತಮ್ಮನ್ನು ಕೇಳಲೇ ಇಲ್ಲ ಎಂದು ಲೇಖಕರು ಆಮೇಲೆ ಗೊಣಗಿದರು. ಹಕ್ಕು ಬರೆದುಕೊಟ್ಟವರನ್ನು ಕೇಳಬೇಕಾದ ಅಗತ್ಯ ಒಪ್ಪಂದದಲ್ಲಿ ಇರಲಿಲ್ಲ. ಬೀಗ ಹಾಕಿದ್ದರಿಂದ ಯಂತ್ರಕ್ಕೆ ತಡೆಯಾಗಲಿಲ್ಲ, ಕಮಲಾಪುರದ ಓದುಗರಿಗಷ್ಟೇ ಆಯಿತು.

ಹಾಗಾದರೆ ಕಲಬುರಗಿಯಲ್ಲಿ ಕೂತು ಮಾಡಬಹುದಾದದ್ದೇನು? ದೆಹಲಿಯ ಆದೇಶಕ್ಕೆ ಕಾಯಬೇಕಾಗಿಲ್ಲ. ಆದೇಶಗಳು ಆಗಲೇ ಇವೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) 2013ರಲ್ಲೂ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ತಂತ್ರಜ್ಞಾನ ಇಲಾಖೆ 2014ರಲ್ಲೂ ತಮ್ಮ ಹಣದಿಂದ ನಡೆದ ಸಂಶೋಧನೆಯ ಪೇಪರ್‌ಗಳನ್ನು ಮುಕ್ತ ಸಂಗ್ರಹದಲ್ಲಿ ಇಡಬೇಕೆಂದು ನೀತಿ ಮಾಡಿವೆ. ಇದಕ್ಕೆ ಜರ್ನಲ್ ಬದಲಿಸಬೇಕಾಗಿಲ್ಲ, ಶುಲ್ಕವನ್ನೂ ಕೊಡಬೇಕಾಗಿಲ್ಲ. ಪರಿಶೀಲನೆ ಮುಗಿದು ಒಪ್ಪಿಗೆಯಾದ, ಆದರೆ ಪ್ರಕಾಶಕರ ಪುಟವಿನ್ಯಾಸ ಇನ್ನೂ ಆಗದ ಪ್ರತಿಯನ್ನು ಸಂಸ್ಥೆಯ ಸಂಗ್ರಹದಲ್ಲಿ ಇಡಲು ಹೆಚ್ಚಿನ ಪ್ರಕಾಶಕರು, ಕೆಲವು ತಿಂಗಳ ಗಡುವು ಹಾಕಿ, ಒಪ್ಪುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಂಥ ಸಂಗ್ರಹ ತೆರೆಯಿತು. ಕಮಲಾಪುರದಿಂದ ಹುಮನಾಬಾದಿಗೆ ಹೋಗಿ ಹೈದರಾಬಾದ್ ಹೆದ್ದಾರಿ ಹಿಡಿದರೆ ಸಿಗುವ ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕೂಡ ತೊಗರಿ, ಕಡಲೆ, ಜೋಳಗಳ ಮೇಲಿನ ತನ್ನ ಬರಹಗಳಿಗೆ ಮುಕ್ತ ಸಂಗ್ರಹ ಇಟ್ಟುಕೊಂಡಿದೆ. ಬೇಕಾದದ್ದು ಒಂದು ಸಾಧಾರಣ ಸರ್ವರ್, ಒಬ್ಬ ಗ್ರಂಥಪಾಲಕರ ಸಮಯ, ಮತ್ತು ಬಡ್ತಿಯ ಅರ್ಜಿಯಲ್ಲಿ ಸಂಗ್ರಹಕ್ಕೆ ಹಾಕಿದ ಪೇಪರ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬ ಸಿಂಡಿಕೇಟ್ ನಿರ್ಣಯ. ಈ ಮೂರರಲ್ಲಿ ನಿಜವಾಗಿ ಕೆಲಸ ಮಾಡುವುದು ಮೂರನೆಯದು. ಖೊಟ್ಟಿ ಜರ್ನಲ್‌ಗಳನ್ನು ಬೆಳೆಸಿದ್ದೂ ಬಡ್ತಿಯ ನಿಯಮವೇ ಆದ್ದರಿಂದ ಅದರ ಬಲವೇನೆಂದು ಅಧ್ಯಾಪಕರಿಗೆ ಚೆನ್ನಾಗಿ ಗೊತ್ತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸವಿದೆ. 2009ರ ಯುಜಿಸಿ ನಿಯಮದಿಂದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಸಂಗ್ರಹಕ್ಕೆ ಹೋಗತೊಡಗಿದವು. ನಮ್ಮ ಭಾಗದ ತತ್ವಪದ, ಶಾಸನ, ಜನಪದ, ಕೃಷಿ ಬದುಕಿನ ಮೇಲೆ ಕನ್ನಡದಲ್ಲಿ ಆದ ಅಧ್ಯಯನಗಳಿಗೂ ಅಲ್ಲಿ ಜಾಗವಿದೆ. ಆದರೆ ಕನ್ನಡ ಪ್ರಬಂಧಗಳಲ್ಲಿ ಎಷ್ಟೋ ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನೆಷ್ಟೋ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬೆರಳಚ್ಚಾದವು. ಓದಲು ಕನ್ನಡದಂತೆ ಕಾಣುವ ಸಾಲನ್ನು ಎತ್ತಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತದೆ. ನೆಟೆ ರೋಗ ಎಂದು ಹುಡುಕಿದರೆ ಅಂಥ ಪ್ರಬಂಧದೊಳಗಿನ ನೆಟೆ ರೋಗ ಸಿಗುವುದೇ ಇಲ್ಲ. ಹೆಸರಿಗೆ ಮುಕ್ತ, ಹುಡುಕುವವರಿಗೆ ಇಲ್ಲ. ಪ್ರಬಂಧವನ್ನು ಯೂನಿಕೋಡ್‌ನಲ್ಲೇ ಸಲ್ಲಿಸಬೇಕು, ಹಳೆಯದನ್ನು ವಿಭಾಗವಾರು ಪರಿವರ್ತಿಸಬೇಕು ಎಂದು ಗುಲಬರ್ಗಾ ವಿಶ್ವವಿದ್ಯಾಲಯವೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಈ ವರ್ಷವೇ ಗೊತ್ತುಮಾಡಬಹುದು. ಅದಕ್ಕೆ ಯಾವ ವಿದೇಶಿ ಪ್ರಕಾಶಕರ ಒಪ್ಪಿಗೆಯೂ ಬೇಕಾಗಿಲ್ಲ.